ಬದಲಾಗಿ ಏನು ಕೊಡಲಿ?

ಬೈಬಲಿನ 116ನೆಯ ಕೀರ್ತನೆಯ 12ನೆಯ ವಚನದಲ್ಲಿ, ಸಾವಿನ ಅಂಚಿನಿಂದ ಬದುಕಿ ಬಂದ ಭಕ್ತನೊಬ್ಬ ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ: ಯೆಹೋವನು ನನಗೆ ಮಾಡಿದ ಉಪಕಾರಗಳಿಗೆಲ್ಲ ಬದಲಾಗಿ ನಾನು ಏನು ಕೊಡಲಿ? ಈ ವಚನವನ್ನು ನಾನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೆ. ಆದರೆ ಅದರ ಪ್ರಶ್ನೆಯನ್ನಷ್ಟೇ ಹಿಡಿದುಕೊಂಡು, ಅದರ ಬೆನ್ನಿಗೇ ಬರುವ ಉತ್ತರವನ್ನು ಕಿವಿಗೆ ಹಾಕಿಕೊಳ್ಳದೆ ನನ್ನ ಯೌವನದ ಬಹುಪಾಲು ಕಳೆದುಹೋಯಿತು.

ಆಗ ನನ್ನ ಬಳಿ ಒಂದು ನೋಟ್‌ಬುಕ್ ಇತ್ತು. ಪ್ರತಿ ಹಾಳೆಯ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದಿದ್ದೆ. ಗೆರೆಯ ಎಡಕ್ಕೆ ದೇವರು ನನಗೆ ಮಾಡಿದ್ದು, ಬಲಕ್ಕೆ ನಾನು ದೇವರಿಗೆ ಮಾಡಿದ್ದು. ಎಡಗಡೆ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು, ವಾರಗಟ್ಟಲೆ ಕಾಡಿದ ಜ್ವರ ಇಳಿದದ್ದು, ಮುರಿದುಬಿದ್ದಿದ್ದ ಗೆಳೆತನವೊಂದು ಮತ್ತೆ ಕೂಡಿಕೊಂಡದ್ದು. ಬಲಗಡೆ ಉಪವಾಸದ ದಿನಗಳು, ಕಾಣಿಕೆಯ ಮೊತ್ತ, ಓದಿ ಮುಗಿಸಿದ ಅಧ್ಯಾಯಗಳ ಸಂಖ್ಯೆ. ಎರಡೂ ಕಡೆ ಸರಿಸಮ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಅಂತರ ತೀರ ದೊಡ್ಡದಾಗದಂತೆ ನೋಡಿಕೊಂಡರೆ ಸಾಕೆಂದು ಒಳಗೊಳಗೇ ನಂಬಿದ್ದೆ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ತಂದೆಯವರು ನಡೆದುಕೊಂಡೇ ಮನೆಯ ಬಾಗಿಲು ದಾಟಿ ಒಳಗೆ ಬಂದ ದಿನ ನಾನು ಎಡಗಡೆ ಒಂದು ಸಾಲು ಬರೆದೆ. ಬಲಗಡೆ ಏನು ಬರೆಯಬೇಕೆಂದು ತೋಚದೆ ಬಹಳ ಹೊತ್ತು ಕುಳಿತಿದ್ದೆ. ಮನೆಯವರೆಲ್ಲ ನಗುತ್ತಿದ್ದ ಆ ರಾತ್ರಿ ನನ್ನ ಮನಸ್ಸಿನಲ್ಲಿ ಇದ್ದದ್ದು ಸಂತೋಷಕ್ಕಿಂತ ಹೆಚ್ಚಾಗಿ ಭಯ. ಇಷ್ಟು ದೊಡ್ಡ ಸಾಲವನ್ನು ತೀರಿಸುವುದು ಹೇಗೆ, ತೀರಿಸದಿದ್ದರೆ ಏನಾದೀತು ಎಂಬ ಭಯ. ನಾನು ಅದನ್ನೇ ದೇವರ ಮೇಲಿನ ಪ್ರೀತಿ ಎಂದುಕೊಂಡಿದ್ದೆ.

ಕೀರ್ತನೆಯ ಮುಂದಿನ ವಚನವನ್ನು ನಾನು ನಿಧಾನವಾಗಿ ಓದಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಏನು ಕೊಡಲಿ ಎಂದು ಕೇಳಿದ ಭಕ್ತನು ತಾನೇ ಉತ್ತರಿಸುತ್ತಾನೆ: ರಕ್ಷಣೆಯ ಪಾತ್ರೆಯನ್ನು ಎತ್ತಿಕೊಂಡು ಯೆಹೋವನ ಹೆಸರನ್ನು ಹೇಳಿ ಪ್ರಾರ್ಥಿಸುವೆನು. ಪ್ರಶ್ನೆ ಇದ್ದದ್ದು ಕೊಡುವುದರ ಬಗ್ಗೆ. ಉತ್ತರ ಬಂದದ್ದು ತೆಗೆದುಕೊಳ್ಳುವುದರ ಬಗ್ಗೆ. ಪಡೆದದ್ದಕ್ಕೆ ಬದಲಾಗಿ ಅವನು ಮಾಡುವ ಮೊದಲ ಕೆಲಸವೆಂದರೆ ಇನ್ನೊಮ್ಮೆ ಕೈಚಾಚುವುದು, ತುಂಬಿದ ಪಾತ್ರೆಯನ್ನು ಎಲ್ಲರೆದುರು ಎತ್ತಿ ಹಿಡಿದು ಇದು ಯಾರು ಕೊಟ್ಟದ್ದೆಂದು ಹೇಳುವುದು. ಹರಕೆಗಳನ್ನು ಸಲ್ಲಿಸುವ ಮಾತು ಆಮೇಲೆ ಬರುತ್ತದೆ, ಅದನ್ನು ಅವನು ಮರೆಯುವುದಿಲ್ಲ. ಆದರೆ ಪಾತ್ರೆ ಮೊದಲು, ಹರಕೆ ಆನಂತರ. ನನ್ನ ನೋಟ್‌ಬುಕ್ಕಿನಲ್ಲಿ ಈ ಕ್ರಮ ತಲೆಕೆಳಗಾಗಿತ್ತು.

ಈ ಪಾತ್ರೆಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ. 113ರಿಂದ 118ರವರೆಗಿನ ಕೀರ್ತನೆಗಳನ್ನು ಯೆಹೂದ್ಯರು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದಲ್ಲಿ ಹಾಡುತ್ತಾರೆ. ಅವುಗಳಲ್ಲಿ 115ರಿಂದ ಮುಂದಿನವುಗಳನ್ನು ಊಟವಾದ ನಂತರ ಹಾಡುವುದು ಪದ್ಧತಿ. ಯೇಸು ಸ್ವಾಮಿ ತನ್ನ ಶಿಷ್ಯರೊಂದಿಗೆ ಕಡೆಯ ಭೋಜನ ಮುಗಿಸಿ, ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಟನೆಂದು ಮತ್ತಾಯನೂ ಮಾರ್ಕನೂ ಬರೆದಿದ್ದಾರೆ. ಆ ರಾತ್ರಿ ಹಾಡಿದ್ದು ಇವೇ ಕೀರ್ತನೆಗಳಿರಬೇಕೆಂದು ಬಹುಮಂದಿ ವ್ಯಾಖ್ಯಾನಕಾರರು ತಿಳಿಯುತ್ತಾರೆ. ಹಾಗಿದ್ದರೆ ರಕ್ಷಣೆಯ ಪಾತ್ರೆಯನ್ನು ಎತ್ತಿಕೊಳ್ಳುವೆನೆಂದು ಹಾಡಿದ ಅದೇ ಬಾಯಿ, ಕೆಲವೇ ಗಳಿಗೆಗಳ ನಂತರ ಗೆತ್ಸೆಮನೆಯಲ್ಲಿ ನೆಲಕ್ಕೆ ಬೋರಲು ಬಿದ್ದು, ಸಾಧ್ಯವಿದ್ದರೆ ಈ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ ಎಂದು ತಂದೆಯನ್ನು ಬೇಡಿಕೊಂಡಿತು. ಕಹಿಯಾದ ಆ ಇನ್ನೊಂದು ಪಾತ್ರೆಯನ್ನು ಆತನು ಕುಡಿದದ್ದರಿಂದಲೇ ಈ ಪಾತ್ರೆ ನಮ್ಮ ಕೈಗೆ ಬಂದಿದೆ. ಆ ಕಡೆಯ ಭೋಜನವನ್ನು ನೆನೆದು ಸಭೆಯಲ್ಲಿ ಆಚರಿಸುವ ಪ್ರಭುಭೋಜನದ ಪಾತ್ರೆಯನ್ನು ತುಟಿಗೆ ಮುಟ್ಟಿಸುವಾಗ ಇದು ನೆನಪಾದರೆ, ಬಲಗಡೆಯ ಅಂಕಣದಲ್ಲಿ ಏನನ್ನಾದರೂ ಬರೆದು ಇದಕ್ಕೆ ಸರಿದೂಗಿಸಬಹುದೆಂಬ ಯೋಚನೆಯೇ ಮನಸ್ಸಿಗೆ ಬಾರದು.

ಕನ್ನಡದಲ್ಲಿ ನಾವು ದಿನವೂ ಬಳಸುವ ಕೃತಜ್ಞ ಎಂಬ ಪದವನ್ನು ಬಿಡಿಸಿ ನೋಡಿದರೆ ಅದರಲ್ಲಿ ಕೊಡುವ ಮಾತೇ ಇಲ್ಲ. ಮಾಡಿದ್ದನ್ನು ಅರಿತವನು ಕೃತಜ್ಞ. ಮಾಡಿದ್ದನ್ನು ಕೊಂದವನು ಕೃತಘ್ನ. ಉಪಕಾರ ತೀರಿಸದವನನ್ನು ಈ ಪದ ದೂರುವುದಿಲ್ಲ, ಉಪಕಾರವನ್ನು ತನ್ನೊಳಗೇ ಸಾಯಿಸಿಬಿಟ್ಟವನನ್ನು ದೂರುತ್ತದೆ. ದೇವರನ್ನು ಪ್ರೀತಿಸುವ ಕರ್ತವ್ಯ ಶುರುವಾಗುವುದು ಈ ಅರಿವಿನಲ್ಲಿ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಲೂಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರ ಪಂಥದ ಸೀಮೋನನೆಂಬವನು ಯೇಸುವನ್ನು ಊಟಕ್ಕೆ ಕರೆಯುತ್ತಾನೆ. ಊರಿನಲ್ಲಿ ಪಾಪಿ ಎನಿಸಿಕೊಂಡಿದ್ದ ಹೆಂಗಸೊಬ್ಬಳು ಬಂದು ಆತನ ಪಾದಗಳನ್ನು ಕಣ್ಣೀರಿನಿಂದ ನೆನೆಸಿ, ತಲೆಗೂದಲಿನಿಂದ ಒರಸಿ, ಮುದ್ದಿಟ್ಟು, ಸುಗಂಧತೈಲ ಹಚ್ಚುತ್ತಾಳೆ. ಯೇಸು ಆಗ ಇಬ್ಬರು ಸಾಲಗಾರರ ಕಥೆ ಹೇಳುತ್ತಾನೆ. ಒಬ್ಬನದು 500 ದೀನಾರಿಗಳ ಸಾಲ, ಇನ್ನೊಬ್ಬನದು 50. ದೀನಾರಿ ಎಂದರೆ ಕೂಲಿಯಾಳಿನ ಒಂದು ದಿನದ ಸಂಬಳ; ಆದುದರಿಂದ ಮೊದಲನೆಯವನದು ಒಂದೂವರೆ ವರ್ಷದ ದುಡಿಮೆ, ಎರಡನೆಯವನದು ಎರಡು ತಿಂಗಳಿಗೂ ಕಡಿಮೆ. ಎಲ್ಲರೂ ಗಮನಿಸುವುದು ಈ ಅಂತರವನ್ನು. ಆದರೆ ನಡುವೆ ಒಂದು ಮಾತಿದೆ: ತೀರಿಸಲು ಇಬ್ಬರ ಬಳಿಯೂ ಏನೂ ಇರಲಿಲ್ಲ. 50ರ ಸಾಲಗಾರನೂ ಬರಿಗೈಯವನೇ. ಸೀಮೋನನು ದುಷ್ಟನಾಗಿರಲಿಲ್ಲ, ಮನೆಗೆ ಕರೆದಿದ್ದ, ಊಟ ಬಡಿಸಿದ್ದ. ಕಾಲಿಗೆ ನೀರು ಕೊಡಲಿಲ್ಲ, ಮುದ್ದಿಡಲಿಲ್ಲ, ತಲೆಗೆ ಎಣ್ಣೆ ಹಚ್ಚಲಿಲ್ಲ, ಅಷ್ಟೇ. ತನಗೂ ಮಾಫಿಯಾದ ಸಾಲವೊಂದಿದೆ ಎಂಬುದೇ ಅವನಿಗೆ ಹೊಳೆದಿರಲಿಲ್ಲ. ಯಾರಿಗೆ ಕ್ಷಮಿಸಲ್ಪಟ್ಟದ್ದು ಸ್ವಲ್ಪವೋ ಅವರ ಪ್ರೀತಿಯೂ ಸ್ವಲ್ಪ ಎಂದು ಯೇಸು ಹೇಳುವಾಗ, ಹೆಚ್ಚು ಪ್ರೀತಿಸಲು ಹೆಚ್ಚು ಪಾಪ ಮಾಡಿರಬೇಕೆಂದು ಅರ್ಥವಲ್ಲ. ನಮ್ಮ ಸಾಲದ ನಿಜವಾದ ಮೊತ್ತ ನಮಗೆ ತಿಳಿದಿರಬೇಕು. ಚಿಕ್ಕ ವಯಸ್ಸಿನಿಂದ ಸಭೆಯಲ್ಲೇ ಬೆಳೆದ ನನ್ನಂಥವರು ಈ ಕಥೆಯಲ್ಲಿ ಸೀಮೋನನ ಪಕ್ಕದಲ್ಲೇ ಕುಳಿತಿರುತ್ತೇವೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಅದೇ ಸುವಾರ್ತೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ. ತಿರುಗಿ ಬಂದು ಪಾದಕ್ಕೆ ಬಿದ್ದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನು. ಮಿಕ್ಕ ಒಂಬತ್ತು ಮಂದಿಗೆ ರೋಗ ಮರುಕಳಿಸಿತೆಂದು ಲೂಕನು ಬರೆಯುವುದಿಲ್ಲ. ಕೊಟ್ಟದ್ದನ್ನು ಯೇಸು ಹಿಂದಕ್ಕೆ ಪಡೆಯಲಿಲ್ಲ. ಆದರೂ ಆ ಒಂಬತ್ತು ಮಂದಿ ಎಲ್ಲಿ ಎಂದು ಆತನು ಕೇಳಿದ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಹಿಡಿದುಕೊಳ್ಳಬೇಕು. ಪ್ರೀತಿಯನ್ನು ನಾವು ಹಿಂತಿರುಗಿಸದಿದ್ದರೂ ವರ ನಿಲ್ಲುವುದಿಲ್ಲ; ಹಿಂತಿರುಗಿಸದಿದ್ದರೆ ಆತನು ಗಮನಿಸದೆ ಇರುವುದೂ ಇಲ್ಲ.

ಭಾನುವಾರ ಶಾಲೆಯಲ್ಲಿ ಒಮ್ಮೆ ನಾನು ಮೊದಲನೆಯ ಆಜ್ಞೆ ಯಾವುದೆಂದು ಶಾಸ್ತ್ರಿಯೊಬ್ಬನು ಕೇಳಿದ ಪ್ರಸಂಗವನ್ನು ಹೇಳಿಕೊಡುತ್ತಿದ್ದೆ. ನಿನ್ನ ದೇವರಾದ ಕರ್ತನನ್ನು ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಬುದ್ಧಿಯಿಂದ, ಪೂರ್ಣ ಶಕ್ತಿಯಿಂದ ಪ್ರೀತಿಸಬೇಕು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿ ಕೈ ಎತ್ತಿ ಕೇಳಿದಳು: "ಸರ್, ಪ್ರೀತಿ ಮಾಡು ಅಂತ ಹೇಳಿದ್ರೆ ಪ್ರೀತಿ ಬರುತ್ತಾ?" ಆ ದಿನ ನಾನು ಏನೋ ಹೇಳಿ ಪಾಠ ಮುಂದುವರಿಸಿದೆ. ಆದರೆ ಅವಳ ಪ್ರಶ್ನೆ ನನ್ನ ಜೊತೆಗೇ ಮನೆಗೆ ಬಂತು.

ಯೇಸು ಉದ್ಧರಿಸಿದ ಆ ಆಜ್ಞೆ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದ್ದು. ಆ ಕಾಲದ ಪೂರ್ವದೇಶಗಳಲ್ಲಿ ಪ್ರೀತಿ ಎಂಬುದು ಒಡಂಬಡಿಕೆಯ ಭಾಷೆಯೂ ಆಗಿತ್ತು. ಕ್ರಿ.ಪೂ. 672ರಲ್ಲಿ ಅಸ್ಸೀರಿಯದ ಅರಸ ಏಸರ್‌ಹದ್ದೋನನು ತನ್ನ ಮಗ ಅಶ್ಶೂರ್‌ಬನಿಪಾಲನನ್ನು ಉತ್ತರಾಧಿಕಾರಿಯಾಗಿ ಗೊತ್ತುಮಾಡಿದಾಗ, ಈ ರಾಜಕುಮಾರನನ್ನು ನಿಮ್ಮಂತೆಯೇ ಪ್ರೀತಿಸಬೇಕು ಎಂಬ ಷರತ್ತಿಗೆ ಅಧೀನ ಅರಸರಿಂದ ಆಣೆ ಮಾಡಿಸಿಕೊಂಡ. ಅಲ್ಲಿ ಪ್ರೀತಿ ಎಂದರೆ ನಿಷ್ಠೆ: ಬೇರೆಯವರ ಕಡೆ ವಾಲದಿರುವುದು, ಕರೆದಾಗ ಬರುವುದು, ಹೇಳಿದ್ದನ್ನು ಮಾಡುವುದು. ಅಂಥ ಪ್ರೀತಿಯನ್ನು ಆಜ್ಞಾಪಿಸಬಹುದು, ಅದು ಭಾವನೆಯ ಏರಿಳಿತಕ್ಕೆ ಸಿಕ್ಕಿಕೊಂಡಿಲ್ಲ. ದೇವರನ್ನು ಪ್ರೀತಿಸು ಎಂಬ ಆಜ್ಞೆಯಲ್ಲಿಯೂ ಈ ನಿಷ್ಠೆಯ ಅಂಶ ಇದೆ, ಅದನ್ನು ಕಡೆಗಣಿಸಬಾರದು.

ಆದರೆ ಅಸ್ಸೀರಿಯದ ಅರಸನು ಸೈನ್ಯ ತೋರಿಸಿ ಆ ಪ್ರೀತಿ ಕೇಳಿದ. ಇಸ್ರಾಯೇಲಿನ ದೇವರು ತಾನು ಬಿಡಿಸಿದ್ದನ್ನು ನೆನಪಿಸಿ ಕೇಳಿದ. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಹತ್ತು ಆಜ್ಞೆಗಳು ಶುರುವಾಗುವುದು ಆಜ್ಞೆಯಿಂದಲ್ಲ; ನೀನು ದಾಸತ್ವದಲ್ಲಿದ್ದ ಐಗುಪ್ತದಿಂದ ನಿನ್ನನ್ನು ಹೊರಗೆ ತಂದ ದೇವರು ನಾನೇ ಎಂಬ ಮಾತಿನಿಂದ. ಧರ್ಮೋಪದೇಶಕಾಂಡದ 7ನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ನೀವು ಹೆಚ್ಚು ಮಂದಿ ಇದ್ದೀರೆಂದು ಯೆಹೋವನು ನಿಮ್ಮನ್ನು ಆರಿಸಿಕೊಳ್ಳಲಿಲ್ಲ, ನೀವು ಎಲ್ಲರಿಗಿಂತ ಸ್ವಲ್ಪ ಮಂದಿಯೇ. ಆತನು ನಿಮ್ಮನ್ನು ಪ್ರೀತಿಸಿದ್ದರಿಂದಲೇ ಬಿಡಿಸಿದನು. ಪ್ರೀತಿಗೆ ಕಾರಣ ಕೇಳಿದರೆ ಪ್ರೀತಿಯನ್ನೇ ಉತ್ತರವಾಗಿ ಕೊಡುವ ಈ ವಾಕ್ಯದ ಮುಂದೆ ನನ್ನ ನೋಟ್‌ಬುಕ್ಕಿನ ಲೆಕ್ಕಕ್ಕೆ ಜಾಗವೇ ಇರಲಿಲ್ಲ. 1563ರಲ್ಲಿ ಪ್ರಕಟವಾದ, ಪ್ರೊಟೆಸ್ಟೆಂಟ್ ನಂಬಿಕೆಯನ್ನು ಕಲಿಸುವ ಹೈಡೆಲ್‌ಬರ್ಗ್ ಪ್ರಶ್ನೋತ್ತರಿ 129 ಪ್ರಶ್ನೆಗಳನ್ನು ಮೂರು ಭಾಗ ಮಾಡಿ, ಮನುಷ್ಯನ ದುರವಸ್ಥೆ, ಅವನ ಬಿಡುಗಡೆ, ಅವನ ಕೃತಜ್ಞತೆ ಎಂಬ ಕ್ರಮದಲ್ಲಿ ನಡೆಯುತ್ತದೆ. ಹತ್ತು ಆಜ್ಞೆಗಳ ವಿವರಣೆಯನ್ನು ಅದು ಇಟ್ಟಿರುವುದು ಮೂರನೆಯ ಭಾಗದಲ್ಲಿ, ಕೃತಜ್ಞತೆಯ ಕೆಳಗೆ. ಆಜ್ಞೆಗಳನ್ನು ಪಾಲಿಸಿ ಬಿಡುಗಡೆ ಹೊಂದುವುದಲ್ಲ, ಬಿಡುಗಡೆ ಹೊಂದಿದವರು ಆಜ್ಞೆಗಳನ್ನು ಪಾಲಿಸುವುದು ಎಂಬುದನ್ನು ಪುಸ್ತಕದ ವಿಭಾಗಕ್ರಮವೇ ಹೇಳಿಬಿಡುತ್ತದೆ.

ಇಷ್ಟಾದರೂ ಹುಡುಗಿಯ ಪ್ರಶ್ನೆ ಪೂರ್ತಿ ತೀರಲಿಲ್ಲ. ಪೂರ್ಣ ಹೃದಯದಿಂದ ಎಂದು ಹೇಳಿರುವಾಗ ಬರೀ ವಿಧೇಯತೆ ಸಾಲದು. ಹೃದಯವನ್ನು ಯಾರು ತಿರುಗಿಸಬೇಕು? ಧರ್ಮೋಪದೇಶಕಾಂಡವೇ ತನ್ನ 30ನೆಯ ಅಧ್ಯಾಯದಲ್ಲಿ, ನೀವು ಪೂರ್ಣ ಹೃದಯದಿಂದ ಪ್ರೀತಿಸುವಂತೆ ದೇವರೇ ನಿಮ್ಮ ಹೃದಯವನ್ನು ಸುನ್ನತಿ ಮಾಡುವನೆಂದು ಮಾತು ಕೊಡುತ್ತದೆ. ಆರನೆಯ ಅಧ್ಯಾಯದ ಆಜ್ಞೆ ಇಲ್ಲಿ ವಾಗ್ದಾನವಾಗಿದೆ. ನಮಗೆ ಕೊಡಲ್ಪಟ್ಟ ಪವಿತ್ರಾತ್ಮನ ಮೂಲಕ ದೇವರ ಪ್ರೀತಿ ನಮ್ಮ ಹೃದಯಗಳಲ್ಲಿ ಸುರಿಯಲ್ಪಟ್ಟಿದೆ ಎಂದು ಪೌಲನು ರೋಮಾಪುರದವರಿಗೆ ಬರೆಯುವುದೂ ಇದನ್ನೇ. ಸಂತ ಅಗಸ್ಟೀನನು ಪ್ರಾರ್ಥಿಸಿದ್ದು ಹೀಗೆ: ನೀನು ಆಜ್ಞಾಪಿಸುವುದನ್ನು ನೀನೇ ಕೊಡು, ಆಮೇಲೆ ನಿನಗೆ ಬೇಕಾದದ್ದನ್ನು ಆಜ್ಞಾಪಿಸು. ರೋಮಿನಲ್ಲಿ ಈ ಮಾತನ್ನು ಕೇಳಿದ ಪೆಲಾಗಿಯಸನೆಂಬ ಕ್ರೈಸ್ತ ಬೋಧಕನು ಸಹಿಸಲಾರದೆ ಹೋದ. ಮನುಷ್ಯನ ಪ್ರಯತ್ನಕ್ಕೆ ಇದರಿಂದ ಬೆಲೆಯೇ ಇಲ್ಲದಾಗುತ್ತದೆ ಎಂಬುದು ಅವನ ಆತಂಕ. ನಾನೂ ಬಹಳ ವರ್ಷ, ಹೆಸರು ಗೊತ್ತಿಲ್ಲದೆಯೇ, ಪೆಲಾಗಿಯಸನ ಪಕ್ಷದಲ್ಲಿದ್ದೆ. ಈಗ ಆ ಹುಡುಗಿ ಸಿಕ್ಕರೆ ಹೇಳುತ್ತೇನೆ: ಹೇಳಿದ ಮಾತ್ರಕ್ಕೆ ಪ್ರೀತಿ ಬರುವುದಿಲ್ಲ ಮಗಳೇ; ಹೇಳಿದವನು ಪ್ರೀತಿಯನ್ನೂ ಕೊಡುವವನಾದ್ದರಿಂದ ಕೇಳಿಕೊಂಡರೆ ಬರುತ್ತದೆ.

ಹನ್ನೆರಡನೆಯ ಶತಮಾನದ ಕ್ರೈಸ್ತ ಸಂನ್ಯಾಸಿ ಕ್ಲೇರ್‌ವೋದ ಬರ್ನಾರ್ಡನು ಪ್ರೀತಿಗೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾನೆ. ಮನುಷ್ಯ ಮೊದಲು ತನಗಾಗಿ ತನ್ನನ್ನೇ ಪ್ರೀತಿಸುತ್ತಾನೆ. ಕಷ್ಟದಲ್ಲಿ ದೇವರು ಬೇಕೆಂದು ಅರಿತು ತನಗಾಗಿ ದೇವರನ್ನು ಪ್ರೀತಿಸುತ್ತಾನೆ. ಆತನ ಒಳ್ಳೆಯತನದ ರುಚಿ ಹತ್ತಿದ ಮೇಲೆ ದೇವರಿಗಾಗಿ ದೇವರನ್ನು ಪ್ರೀತಿಸುತ್ತಾನೆ. ಕೊನೆಗೆ ತನ್ನನ್ನು ತಾನು ಪ್ರೀತಿಸುವುದೂ ದೇವರಿಗಾಗಿಯೇ. ನಾಲ್ಕನೆಯದನ್ನು ಈ ಜನ್ಮದಲ್ಲಿ ಯಾರಾದರೂ ಪೂರ್ತಿಯಾಗಿ ಮುಟ್ಟುವರೇ ಎಂಬುದು ಅವನಿಗೂ ಸಂದೇಹ. ನನ್ನನ್ನು ತಟ್ಟಿದ್ದು ಎರಡನೆಯ ಮೆಟ್ಟಿಲು. ಬರ್ನಾರ್ಡನು ಅದನ್ನು ಹೀಗಳೆಯುವುದಿಲ್ಲ. ಬೇಡಿ ಬೇಡಿ, ಪಡೆದು ಪಡೆದು, ಕೊಡುವ ಕೈಯನ್ನು ಪದೇ ಪದೇ ಕಂಡವನಿಗೆ ಒಂದು ದಿನ ಕೊಟ್ಟ ವಸ್ತುವಿಗಿಂತ ಕೈ ಹೆಚ್ಚು ಪ್ರಿಯವಾಗುತ್ತದೆ. ನನ್ನ ನೋಟ್‌ಬುಕ್ಕಿನ ಎಡಭಾಗ ವ್ಯರ್ಥವಾಗಿರಲಿಲ್ಲ ಎಂದು ಈಗ ಅನ್ನಿಸುವುದು ಅದಕ್ಕೇ.

ಹಾಗಾದರೆ ದೇವರಿಗೆ ನಮ್ಮ ಪ್ರೀತಿಯ ಅಗತ್ಯವಿದೆಯೇ? ನನಗೆ ಹಸಿವಾದರೂ ನಿನಗೆ ಹೇಳುವುದಿಲ್ಲ, ಲೋಕವೂ ಅದರಲ್ಲಿರುವುದೆಲ್ಲವೂ ನನ್ನದೇ ಎಂದು 50ನೆಯ ಕೀರ್ತನೆಯಲ್ಲಿ ಆತನೇ ಹೇಳುತ್ತಾನೆ. ಆದರೆ ಪ್ರವಾದಿ ಹೋಶೇಯನ ಗ್ರಂಥ ತೆರೆದರೆ ಇನ್ನೊಂದು ದನಿ ಕೇಳುತ್ತದೆ. ನಿಮ್ಮ ಪ್ರೀತಿ ಬೆಳಗಿನ ಮೋಡದ ಹಾಗೆ, ಬೇಗನೆ ಆರಿಹೋಗುವ ಇಬ್ಬನಿಯ ಹಾಗೆ; ನಿಮ್ಮನ್ನು ನಾನು ಏನು ಮಾಡಲಿ? ಕೊರತೆಯಿಲ್ಲದವನು ಹೀಗೆ ಹಂಬಲಿಸುವುದು ಹೇಗೆಂಬುದನ್ನು ದೇವಶಾಸ್ತ್ರಜ್ಞರು ಶತಮಾನಗಳಿಂದ ಚರ್ಚಿಸಿದ್ದಾರೆ. ಆತನ ಹಂಬಲ ಕೊರತೆಯಿಂದ ಹುಟ್ಟಿದ್ದಲ್ಲ, ತುಂಬಿ ಹರಿಯುವುದರಿಂದ ಹುಟ್ಟಿದ್ದು ಎಂಬ ಮಾತು ನನಗೆ ಒಪ್ಪಿಗೆ. ನಮ್ಮ ಪ್ರೀತಿಯಿಂದ ಆತನಿಗೆ ಲಾಭವಿಲ್ಲದಿದ್ದರೂ ಆತನು ಅದನ್ನು ಬಯಸುತ್ತಾನೆ ಎಂಬುದು, ಅಗತ್ಯಕ್ಕಾಗಿ ಬಯಸುತ್ತಾನೆ ಎನ್ನುವುದಕ್ಕಿಂತ ದೊಡ್ಡ ಗೌರವ.

ಏನೂ ಬೇಡದವನಿಗೆ ಬದಲು ಕೊಡಬೇಕೆಂದರೆ ಆತನು ತೋರಿಸಿದ ವಿಳಾಸಕ್ಕೆ ಕೊಡಬೇಕು. ಯೋಹಾನನ ಮೊದಲನೆಯ ಪತ್ರಿಕೆಯ 4ನೆಯ ಅಧ್ಯಾಯದ 19ನೆಯ ವಚನ ಕೆಲವು ಹಸ್ತಪ್ರತಿಗಳಲ್ಲಿ, ಆತನು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಆತನನ್ನು ಪ್ರೀತಿಸುತ್ತೇವೆ ಎಂದಿದೆ; ಬೇರೆ ಕೆಲವು ಪ್ರಾಚೀನ ಪ್ರತಿಗಳಲ್ಲಿ ಆತನನ್ನು ಎಂಬ ಪದವಿಲ್ಲ, ನಾವು ಪ್ರೀತಿಸುತ್ತೇವೆ ಎಂದಷ್ಟೇ ಇದೆ. ಕರ್ಮಪದವಿಲ್ಲದ ಆ ಪಾಠವೇ ಮೂಲವೆಂದು ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಆ ಖಾಲಿ ಜಾಗ ನನಗೆ ಇಷ್ಟ. ಯಾರನ್ನು ಎಂದು ಕೇಳುವ ಮೊದಲೇ ಮುಂದಿನ ವಚನ, ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನು ಎಂದು ಆ ಜಾಗವನ್ನು ತುಂಬುತ್ತದೆ.

ತಂದೆಯವರು ತೀರಿಕೊಂಡ ಮೇಲೆ ಸುಮಾರು ಒಂದು ವರ್ಷ ನನ್ನ ಪ್ರಾರ್ಥನೆ ಒಣಗಿಹೋಗಿತ್ತು. ಆರಾಧನೆಯಲ್ಲಿ ನಿಲ್ಲುತ್ತಿದ್ದೆ, ಬಾಯಿ ಹಾಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ಆ ವರ್ಷ ನಮ್ಮ ಸಭೆಯ ವೃದ್ಧೆಯೊಬ್ಬರಿಗೆ ಕಣ್ಣು ಪೂರ್ತಿ ಹೋಗಿತ್ತು. ವಾರಕ್ಕೆರಡು ಸಂಜೆ ಅವರ ಮನೆಗೆ ಹೋಗಿ ಸತ್ಯವೇದ ಓದಿ ಹೇಳುವ ಕೆಲಸವನ್ನು ಸಭಾಪಾಲಕರು ನನಗೆ ಒಪ್ಪಿಸಿದ್ದರು. ಇಷ್ಟವಿತ್ತೆಂದು ಹೋಗಲಿಲ್ಲ, ಒಪ್ಪಿಕೊಂಡಿದ್ದೆನೆಂದು ಹೋಗುತ್ತಿದ್ದೆ. ಅಧ್ಯಾಯ ಮುಗಿದಾಗಲೆಲ್ಲ ಅವರು ಕತ್ತಲಲ್ಲೇ ನನ್ನ ಕಡೆ ಮುಖ ತಿರುಗಿಸಿ, "ಇನ್ನೊಂದು ಓದಪ್ಪ" ಎನ್ನುತ್ತಿದ್ದರು. ನಾನು ಓದುತ್ತಿದ್ದೆ. ಆ ಒಂದು ವರ್ಷ ನಾನು ದೇವರನ್ನು ಪ್ರೀತಿಸಲಿಲ್ಲವೆಂದು ಆಗ ನಂಬಿದ್ದೆ. ಈಗ ಹಾಗೆ ಹೇಳಲಾರೆ. ಎಫೆಸದ ಸಭೆ ತನ್ನ ಮೊದಲಿನ ಪ್ರೀತಿಯನ್ನು ಬಿಟ್ಟಿತೆಂದು ಪ್ರಕಟನೆ ಗ್ರಂಥದಲ್ಲಿ ಕರ್ತನು ಆಕ್ಷೇಪಿಸುವಾಗ ಕೊಡುವ ಮದ್ದಿನಲ್ಲಿ ಮೊದಲಿನ ಭಾವನೆಯನ್ನು ಹೇಗಾದರೂ ಮತ್ತೆ ತಂದುಕೊಳ್ಳಬೇಕೆಂಬ ಮಾತಿಲ್ಲ. ಎಲ್ಲಿಂದ ಬಿದ್ದೆಯೋ ಅದನ್ನು ನೆನಪಿಗೆ ತಂದುಕೋ, ಮನಸ್ಸು ತಿರುಗಿಸಿಕೋ, ಮೊದಲು ಮಾಡುತ್ತಿದ್ದ ಕೃತ್ಯಗಳನ್ನು ಮಾಡು. ಪ್ರೀತಿ ಕರ್ತವ್ಯವಾಗಿರುವುದು ಇಂಥ ದಿನಗಳಿಗಾಗಿ ಎಂದು ನಾನು ತಿಳಿದಿದ್ದೇನೆ. ಹೃದಯ ಉಕ್ಕುವ ದಿನ ಅದನ್ನು ಯಾರೂ ಕರ್ತವ್ಯವೆಂದು ಕರೆಯುವುದಿಲ್ಲ.

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ದಡದ ಮೇಲೆ ಇದ್ದಲಿನ ಬೆಂಕಿ ಉರಿಯುತ್ತಿದೆ. ಇದ್ದಲಿನ ಬೆಂಕಿ ಎಂಬ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ: ಇಲ್ಲಿ, ಮತ್ತು ಪೇತ್ರನು ತನ್ನ ಗುರುವನ್ನು ಅರಿಯೆನೆಂದು ಹೇಳಿದ ಮಹಾಯಾಜಕನ ಅಂಗಳದಲ್ಲಿ. ಅಲ್ಲಿ ಮೂರು ಸಲ ಅಲ್ಲಗಳೆದವನನ್ನು ಇಲ್ಲಿ ಯೇಸು ಮೂರು ಸಲ ಕೇಳುತ್ತಾನೆ, ನೀನು ನನ್ನನ್ನು ಪ್ರೀತಿಸುತ್ತೀಯೋ ಎಂದು. ಈ ಸಂಭಾಷಣೆಯಲ್ಲಿ ಬರುವ ಎರಡು ಬೇರೆ ಬೇರೆ ಕ್ರಿಯಾಪದಗಳ ಮೇಲೆ ಎಷ್ಟೋ ಪ್ರಸಂಗಗಳು ಕಟ್ಟಲ್ಪಟ್ಟಿವೆ; ಯೋಹಾನನು ಅವನ್ನು ಬೇರೆಡೆ ಒಂದೇ ಅರ್ಥದಲ್ಲಿ ಬಳಸುವುದರಿಂದ ನಾನು ಅದಕ್ಕೆ ಹೆಚ್ಚು ಭಾರ ಹಾಕುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಪೇತ್ರನು ಹೇಳದೆ ಬಿಟ್ಟದ್ದು. ಎಲ್ಲರೂ ಬಿಟ್ಟುಹೋದರೂ ನಾನು ಬಿಡೆನು ಎಂದು ಹಿಂದೆ ಹೇಳಿದ್ದವನು ಈಗ ತನ್ನ ಪ್ರೀತಿಯನ್ನು ಯಾರ ಪ್ರೀತಿಯೊಂದಿಗೂ ಅಳೆಯುವುದಿಲ್ಲ, ಸಾಕ್ಷಿಗೆ ತನ್ನ ಯಾವ ಕೆಲಸವನ್ನೂ ಮುಂದಿಡುವುದಿಲ್ಲ. ಮೂರನೆಯ ಸಲ ಕೇಳಿದಾಗ ನೊಂದುಕೊಂಡು, ಕರ್ತನೇ, ನಿನಗೆ ಎಲ್ಲವೂ ಗೊತ್ತು, ನಾನು ನಿನ್ನನ್ನು ಪ್ರೀತಿಸುತ್ತೇನೆಂಬುದು ನಿನಗೇ ತಿಳಿದಿದೆ ಎನ್ನುತ್ತಾನೆ. ಪ್ರತಿ ಸಲವೂ ಅವನಿಗೆ ಸಿಗುವ ಮಾತು, ನನ್ನ ಕುರಿಗಳನ್ನು ಮೇಯಿಸು.

ಈಗಲೂ ಮೊಣಕಾಲೂರಿದರೆ ಮಾತು ಹೊರಡದ ರಾತ್ರಿಗಳು ನನಗೆ ಬರುತ್ತವೆ. ಅಂಥ ರಾತ್ರಿ ನಾನು ಬೇರೇನನ್ನೂ ಹುಡುಕದೆ ಪೇತ್ರನ ಆ ಮಾತುಗಳನ್ನೇ ಎರಡು ಸಲ ಹೇಳಿ, ಮರುದಿನ ಯಾರ ಮನೆಗೆ ಹೋಗುವುದಿದೆ ಎಂದು ನೋಡಿಕೊಂಡು, ದೀಪ ಆರಿಸುತ್ತೇನೆ.